ಕೊನೆಯ ಅಂಕಿಯ ಚಾಂಚಲ್ಯ

ಚಿನ್ನದಂಗಡಿಯಲ್ಲಿ ಗಾಜಿನ ಗೂಡಿನೊಳಗೆ ಇರಿಸಿದ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಉಂಗುರವೊಂದನ್ನು ಇಟ್ಟೊಡನೆ ಅದರ ತೂಕ ಇಷ್ಟು ಗ್ರಾಂ, ಇಷ್ಟು ಮಿಲಿಗ್ರಾಂ ಎಂದು ಕೆಂಪು ಅಂಕಿಗಳು ಬೆಳಗುತ್ತವಷ್ಟೆ. ಆ ಅಂಕಿಗಳಲ್ಲಿ ಕಟ್ಟಕಡೆಯದು ಒಮ್ಮೆ ಏರಿ ಒಮ್ಮೆ ಇಳಿದು, ಅಂಗಡಿಯವರು ಗಾಜಿನ ಬಾಗಿಲನ್ನು ಮುಚ್ಚಿ, ಫ್ಯಾನನ್ನು ನಿಲ್ಲಿಸಿ ಕಾದರೂ ತನ್ನ ಚಾಂಚಲ್ಯವನ್ನು ಪೂರ್ತಿಯಾಗಿ ಬಿಡದಿರುವುದನ್ನು ಗಮನಿಸಿದವರು ಅನೇಕರಿರಬಹುದು. ಉಂಗುರದ ತೂಕವಂತೂ ಕ್ಷಣಕ್ಕೊಂದು ಬಗೆಯಾಗತಕ್ಕದ್ದಲ್ಲ. ಹಾಗಿರುವಲ್ಲಿ ಬದಲಾಗುತ್ತಿರುವುದು ಯಾವುದು, ಹೆಚ್ಚು ಹೊತ್ತು ಕಾದರೆ ಅದು ಶಾಂತವಾದೀತೆ, ಆಗದಿದ್ದರೆ ಏತಕ್ಕೆ ಆಗುವುದಿಲ್ಲ ಎಂಬ ಪ್ರಶ್ನೆಗಳನ್ನು ಬೆನ್ನಟ್ಟಿ ಹೋದವರು, ವಿದ್ಯುತ್ಪ್ರವಾಹದ ಶಾಸ್ತ್ರದಲ್ಲಿ ಸುಮಾರು ನೂರು ವರ್ಷಗಳಿಂದ ಬಿಡಿಸುತ್ತ ಬಂದರೂ ಇನ್ನೂ ಪೂರ್ತಿಯಾಗಿ ಬಿಚ್ಚಿಕೊಳ್ಳದ ಒಂದು ಗಂಟಿನ ಬಳಿಗೆ ಬಂದು ನಿಲ್ಲುತ್ತಾರೆ.

ತಟ್ಟೆಯ ಅಡಿಯಲ್ಲಿ ಲೋಡ್ ಸೆಲ್ ಎಂಬ ಹೆಸರಿನ ಒಂದು ಅಲ್ಯೂಮಿನಿಯಂ ತುಂಡಿರುತ್ತದೆ. ಭಾರ ಬಿದ್ದಾಗ ಅದು ಕಣ್ಣಿಗೆ ಕಾಣಿಸದಷ್ಟು ಬಾಗುತ್ತದೆ. ಬಾಗಿದಾಗ ಅದರ ಮೈಗೆ ಅಂಟಿಸಿದ ಲೋಹದ ತೆಳುಪಟ್ಟಿಗಳ ವಿದ್ಯುದ್ರೋಧ ಅತ್ಯಲ್ಪವಾಗಿ ವ್ಯತ್ಯಾಸಹೊಂದಿ, ಆ ವ್ಯತ್ಯಾಸ ಒಂದು ಸಣ್ಣ ವೋಲ್ಟೇಜಿನ ರೂಪದಲ್ಲಿ ಹೊರಗೆ ಬರುತ್ತದೆ. ಎಷ್ಟು ಸಣ್ಣದು ಎಂಬುದಕ್ಕೆ ಒಂದು ಲೆಕ್ಕವನ್ನು ನೋಡೋಣ. ಲೋಡ್ ಸೆಲ್ಲಿಗೆ 5 ವೋಲ್ಟ್ ಕೊಟ್ಟಿದೆಯೆಂದೂ, ಪೂರ್ಣಭಾರದಲ್ಲಿ ಅದು ಕೊಟ್ಟ ಒಂದೊಂದು ವೋಲ್ಟಿಗೆ 2 ಮಿಲಿವೋಲ್ಟನ್ನು ಹಿಂದಿರುಗಿಸುವಂಥದೆಂದೂ ಇಟ್ಟುಕೊಂಡರೆ, 300 ಗ್ರಾಂ ತೂಗುವ ತಕ್ಕಡಿ ತನ್ನ ಸರ್ವಸಾಮರ್ಥ್ಯದಲ್ಲಿಯೂ 10 ಮಿಲಿವೋಲ್ಟನ್ನು ಮಾತ್ರ ಕೊಟ್ಟೀತು. ಆ ತಕ್ಕಡಿ 10 ಮಿಲಿಗ್ರಾಮಿನ ಅಂತರವನ್ನು ತೋರಿಸಬೇಕಾದರೆ ಆ ಅಲ್ಪವನ್ನೇ ಮತ್ತೆ 30,000 ಪಾಲು ಮಾಡಬೇಕು. ಒಂದು ಪಾಲಿಗೆ ಬರುವುದು ಮೈಕ್ರೊವೋಲ್ಟಿನ ಮೂರನೆಯ ಒಂದು ಭಾಗ. ಟಾರ್ಚಿಗೆ ಹಾಕುವ ಸೆಲ್ಲಿನ ಒಂದೂವರೆ ವೋಲ್ಟನ್ನು 45 ಲಕ್ಷ ಜನರಿಗೆ ಸಮನಾಗಿ ಹಂಚಿದರೆ ತಲೆಗೆ ಬರುವಷ್ಟು.

ಈ ವೋಲ್ಟೇಜನ್ನು ಅಂಕಿಯನ್ನಾಗಿ ಮಾಡತಕ್ಕ ಸಾಧನವನ್ನು ಎಂಜಿನಿಯರುಗಳು ಎ.ಡಿ.ಸಿ. ಎಂದು ಕರೆಯುತ್ತಾರೆ. ಅಖಂಡವಾಗಿ ಹರಿಯುವ ವಿದ್ಯುತ್ ಸಂಕೇತವನ್ನು ಒಂದು ಮಾನದಂಡದ ವೋಲ್ಟೇಜಿನೊಡನೆ ಹೋಲಿಸಿ, ಅದರ ಎಷ್ಟನೆಯ ಅಂಶವಾಗಿದೆಯೆಂಬುದನ್ನು ಪೂರ್ಣಸಂಖ್ಯೆಯಲ್ಲಿ ಹೇಳುವ ಪರಿವರ್ತಕ ಅದು. ಎಷ್ಟು ಬಿಟ್ಟುಗಳ ಪರಿವರ್ತಕವೆಂಬುದನ್ನು ಚಿಪ್ಪಿನ ಡೇಟಾಶೀಟಿನ ಮೊದಲ ಸಾಲಿನಲ್ಲಿಯೇ ದಪ್ಪಕ್ಷರದಲ್ಲಿ ಅಚ್ಚುಹಾಕುವುದು ರೂಢಿ: 24 ಬಿಟ್ ಎಂದರೆ 1,67,77,216 ಮೆಟ್ಟಿಲುಗಳು, 32 ಬಿಟ್ ಎಂದರೆ 429 ಕೋಟಿಗೂ ಮಿಕ್ಕ ಮೆಟ್ಟಿಲುಗಳು. ಮೆಟ್ಟಿಲುಗಳ ಸಂಖ್ಯೆಯನ್ನು ನೋಡಿ ಮರುಳಾಗುವುದು ಸುಲಭ. ಅಗ್ಗದ ತಕ್ಕಡಿಗಳಲ್ಲಿ ಬಹಳವಾಗಿ ಬಳಕೆಯಲ್ಲಿರುವ ಎಚ್‌ಎಕ್ಸ್ 711 ಎಂಬ ಚಿಪ್ಪು 24 ಬಿಟ್ಟುಗಳದು. ಸೆಕೆಂಡಿಗೆ 10 ಸಲ ಅಳೆಯುವಾಗ ಅದರ ಒಂದೊಂದು ಮೆಟ್ಟಿಲು ಸುಮಾರು ಎರಡೂವರೆ ನ್ಯಾನೊವೋಲ್ಟಿನಷ್ಟು ಸೂಕ್ಷ್ಮ. ಆದರೆ ಅದರೊಳಗೇ ಹುಟ್ಟುವ ಗದ್ದಲ ಸುಮಾರು 50 ನ್ಯಾನೊವೋಲ್ಟು. ಇದು ಸರಾಸರಿಯ ಮಾತು. ತುದಿಯಿಂದ ತುದಿಗೆ ಅಳೆದರೆ ಗದ್ದಲದ ತುಯ್ದಾಟ ಇದರ ಆರೇಳು ಪಟ್ಟು ಆಗುವುದುಂಟು. 24 ಬಿಟ್ಟುಗಳಲ್ಲಿ ಕೊನೆಯ ಏಳು ಬಿಟ್ಟುಗಳು ಉಂಗುರದ ಸುದ್ದಿಯನ್ನು ಹೇಳುತ್ತಿಲ್ಲ, ತಮ್ಮ ಸುದ್ದಿಯನ್ನೇ ಹೇಳಿಕೊಳ್ಳುತ್ತಿವೆ. ಆರೂವರೆಯಿಂದ 50 ನ್ಯಾನೊವೋಲ್ಟನ್ನು ಗುಣಿಸಿದರೆ ಬರುವುದು ಹೆಚ್ಚು ಕಡಿಮೆ ನಾವು ಮೇಲೆ ಲೆಕ್ಕಹಾಕಿದ ಆ ಮೂರನೆಯ ಒಂದು ಮೈಕ್ರೊವೋಲ್ಟೇ ಎಂಬುದನ್ನು ಓದುಗರು ಗಮನಿಸಬೇಕು; ಕೆಂಪು ಅಂಕಿಗಳಲ್ಲಿ ಕೊನೆಯದು ಕುಣಿಯುವುದರ ಲೆಕ್ಕ ಅಲ್ಲಿಗೆ ಸರಿಹೋಯಿತು.

ಗದ್ದಲವೆಂದರೆ ಕಿವಿಗೆ ಕೇಳಿಸುವುದಲ್ಲ, ಸಂಕೇತದೊಡನೆ ಬೆರೆತು ಬರುವ ಅನಪೇಕ್ಷಿತವಾದ ಏರಿಳಿತ. ಅದರಲ್ಲಿ ಒಂದು ಜಾತಿ ಸಾಧುಸ್ವಭಾವದ್ದು. ಯಾವ ವಾಹಕದಲ್ಲಿಯೇ ಆಗಲಿ, ಉಷ್ಣವಿರುವ ತನಕ ಎಲೆಕ್ಟ್ರಾನುಗಳು ಅಡ್ಡಾದಿಡ್ಡಿಯಾಗಿ ಚಲಿಸುತ್ತಲೇ ಇರುವುದರಿಂದ ಅದರ ಎರಡು ತುದಿಗಳ ನಡುವೆ ಸಣ್ಣದೊಂದು ವೋಲ್ಟೇಜ್ ಸದಾ ಮಿಡಿಯುತ್ತಿರುತ್ತದೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಇದನ್ನು ಅಳೆದು ತೋರಿಸಿದವನು ಜಾನ್ಸನ್, ಅದಕ್ಕೆ ಸೂತ್ರವನ್ನು ಕೊಟ್ಟವನು ಅವನ ಸಹೋದ್ಯೋಗಿ ನೈಕ್ವಿಸ್ಟ್. ಇಬ್ಬರ ಲೇಖನಗಳೂ ಪ್ರಕಟವಾದದ್ದು 1928ರಲ್ಲಿ. ಈ ಗದ್ದಲದ ಶಕ್ತಿ ಎಲ್ಲ ಆವೃತ್ತಿಗಳಲ್ಲಿಯೂ ಸಮನಾಗಿ ಹರಡಿಕೊಂಡಿರುವುದರಿಂದ ಇದಕ್ಕೆ ಬಿಳಿಯ ಗದ್ದಲವೆಂದು ಹೆಸರು. ಇದರ ದೊಡ್ಡ ಸದ್ಗುಣವೆಂದರೆ ತಾಳ್ಮೆಗೆ ಮಣಿಯುವುದು. ಒಂದು ಓದಿನಲ್ಲಿ ಹೆಚ್ಚಾದದ್ದು ಇನ್ನೊಂದು ಓದಿನಲ್ಲಿ ಕಡಮೆಯಾಗುವ ಸಂಭವ ಸಮಸಮವಾಗಿರುವುದರಿಂದ, ನೂರು ಸಲ ಅಳೆದು ಸರಾಸರಿ ತೆಗೆದರೆ ಗದ್ದಲ ಹತ್ತನೆಯ ಒಂದು ಪಾಲಿಗೆ, ಹತ್ತು ಸಾವಿರ ಸಲ ಅಳೆದರೆ ನೂರನೆಯ ಒಂದು ಪಾಲಿಗೆ ಇಳಿಯುತ್ತದೆ. ಪ್ರಪಂಚದಲ್ಲಿ ಈ ಒಂದೇ ಗದ್ದಲವಿದ್ದಿದ್ದರೆ, ಸಾಕಷ್ಟು ಹೊತ್ತು ಕಾಯಬಲ್ಲವನಿಗೆ ಅಳೆಯಲಾರದ ಅಲ್ಪವೆಂಬುದು ಯಾವುದೂ ಇರುತ್ತಿರಲಿಲ್ಲ.

ಈ ಸೂತ್ರ ಹುಟ್ಟುವುದಕ್ಕೆ ಮೂರು ವರ್ಷ ಮೊದಲೇ, 1925ರಲ್ಲಿ, ಅದೇ ಜಾನ್ಸನ್ ಈ ಆಸೆಗೆ ಕಲ್ಲುಹಾಕುವಂಥ ಇನ್ನೊಂದು ಸಂಗತಿಯನ್ನು ಕಂಡಿದ್ದ. ನಿರ್ವಾತ ನಳಿಕೆಗಳಲ್ಲಿ ಎಲೆಕ್ಟ್ರಾನುಗಳು ಒಂದೊಂದಾಗಿ ಬಂದು ಬೀಳುವುದರಿಂದ ಇಂತಿಷ್ಟು ಗದ್ದಲವಿರಬೇಕೆಂದು ಜರ್ಮನಿಯ ಷಾಟ್ಕಿ 1918ರಲ್ಲಿ ಲೆಕ್ಕಹಾಕಿ ಹೇಳಿದ್ದನು. ಅದನ್ನು ಪರೀಕ್ಷಿಸಲು ಹೊರಟ ಜಾನ್ಸನ್ನನಿಗೆ, ಆವೃತ್ತಿ ತಗ್ಗಿದಂತೆಲ್ಲ ಗದ್ದಲ ಷಾಟ್ಕಿಯ ಲೆಕ್ಕವನ್ನು ಮೀರಿ ಏರುತ್ತ ಹೋಗುವುದು ಕಂಡುಬಂದಿತು. ಕಾದ ಲೋಹದ ಮೇಲ್ಮೈಗೆ ಪರಕೀಯ ಪರಮಾಣುಗಳು ಬಂದು ಕುಳಿತು ಮತ್ತೆ ಎದ್ದುಹೋಗುವುದರಿಂದ ಎಲೆಕ್ಟ್ರಾನುಗಳ ಹೊರಹರಿವು ಮಿನುಗುತ್ತಿರಬೇಕೆಂದು ಷಾಟ್ಕಿ 1926ರಲ್ಲಿ ಸಮಾಧಾನ ಹೇಳಿದನು. ಫ್ಲಿಕರ್ ಗದ್ದಲವೆಂಬ ಹೆಸರು ಅಂದಿನಿಂದ ನಿಂತುಬಿಟ್ಟಿದೆ. ನಳಿಕೆಗಳು ಹೋಗಿ ಟ್ರಾನ್ಸಿಸ್ಟರುಗಳು ಬಂದರೂ ಆ ಗದ್ದಲ ಮಾತ್ರ ಹೊಸ ಮನೆಗೆ ಹಳೆಯ ಒಕ್ಕಲಾಗಿ ಬಂದು ಸೇರಿಕೊಂಡಿತು.

ಇದರ ನಿಯಮ ಹೇಳುವುದಕ್ಕೆ ಸರಳ: ಆವೃತ್ತಿ ಅರ್ಧವಾದರೆ ಗದ್ದಲದ ಶಕ್ತಿಯ ಸಾಂದ್ರತೆ ಇಮ್ಮಡಿಯಾಗುತ್ತದೆ. ಆದ್ದರಿಂದ ಸೆಕೆಂಡಿಗೆ ಒಂದರಿಂದ ಹತ್ತು ಸಲ ಮಿಡಿಯುವ ಏರಿಳಿತಗಳಲ್ಲಿ ಎಷ್ಟು ಶಕ್ತಿಯುಂಟೋ, ಹತ್ತು ಸೆಕೆಂಡಿಗೊಮ್ಮೆಯಿಂದ ಸೆಕೆಂಡಿಗೊಮ್ಮೆಯವರೆಗೆ ಮಿಡಿಯುವ ಏರಿಳಿತಗಳಲ್ಲಿಯೂ ಅಷ್ಟೇ ಉಂಟು. ಅದಕ್ಕೂ ಹತ್ತು ಪಾಲು ನಿಧಾನವಾದವುಗಳಲ್ಲಿಯೂ ಅಷ್ಟೇ. ಸರಾಸರಿ ತೆಗೆಯುತ್ತ ಕುಳಿತವನಿಗೆ ಇದರಿಂದ ಆಗುವ ತೊಂದರೆ ಏನೆಂದರೆ, ಒಂದು ಸೆಕೆಂಡಿಗೆ ಬದಲಾಗಿ ಹತ್ತು ಸೆಕೆಂಡು ಕಾದು ಅವನು ವೇಗವಾದ ಏರಿಳಿತಗಳ ಒಂದು ಕಂತನ್ನು ತೊಳೆದು ಹಾಕುವಷ್ಟರಲ್ಲಿ, ಈವರೆಗೆ ಸ್ಥಿರವಾಗಿರುವಂತೆ ತೋರುತ್ತಿದ್ದ ನಿಧಾನವಾದ ಏರಿಳಿತಗಳ ಅಷ್ಟೇ ದೊಡ್ಡ ಇನ್ನೊಂದು ಕಂತು ಒಳಗೆ ಬಂದಿರುತ್ತದೆ. ಒಂದು ಸರಾಸರಿಗೂ ಅದರ ಮುಂದಿನ ಸರಾಸರಿಗೂ ಇರುವ ವ್ಯತ್ಯಾಸ ಕುಗ್ಗುವುದೇ ಇಲ್ಲ. ಪರಮಾಣು ಗಡಿಯಾರಗಳ ನಡಿಗೆಯನ್ನು ಪರೀಕ್ಷಿಸುತ್ತಿದ್ದ ಅಮೆರಿಕದ ಡೇವಿಡ್ ಆಲನ್ 1966ರಲ್ಲಿ ಈ ಅನುಭವಕ್ಕೆ ಗಣಿತದ ರೂಪ ಕೊಟ್ಟನು. ಅಕ್ಕಪಕ್ಕದ ಸರಾಸರಿಗಳ ವ್ಯತ್ಯಾಸವನ್ನು ಕಾಲಾವಧಿಗೆ ಎದುರಾಗಿ ಗುರುತಿಸಿದರೆ, ಬಿಳಿಯ ಗದ್ದಲವಿರುವಲ್ಲಿ ರೇಖೆ ಇಳಿಯುತ್ತ ಬರುತ್ತದೆ, ಫ್ಲಿಕರ್ ಗದ್ದಲ ಬಂದಲ್ಲಿ ನೆಲ ಸಿಕ್ಕಿದಂತೆ ಮಟ್ಟಸವಾಗುತ್ತದೆ, ಇನ್ನೂ ಮುಂದೆ ಹೋದರೆ ಉಷ್ಣತೆಯ ಏರುಪೇರು, ಬಿಡಿಭಾಗಗಳ ಮುಪ್ಪು ಮೊದಲಾದವುಗಳ ದೆಸೆಯಿಂದ ಮತ್ತೆ ಮೇಲಕ್ಕೆ ಏಳುತ್ತದೆ. ಆ ನೆಲದ ಎತ್ತರವೇ ಉಪಕರಣದ ನಿಜವಾದ ಯೋಗ್ಯತೆ. ಬಿಟ್ಟುಗಳ ಸಂಖ್ಯೆಯನ್ನು ಡೇಟಾಶೀಟಿನ ನೆತ್ತಿಯ ಮೇಲೆ ಬರೆಯುವವರು ಈ ರೇಖೆಯನ್ನು ಅದರ ಪಕ್ಕದಲ್ಲಿಯೇ ಅಚ್ಚುಹಾಕಿದರೆ ಕೊಳ್ಳುವವರಿಗೆ ಎಷ್ಟೋ ಉಪಕಾರವಾಗುತ್ತಿತ್ತೆಂದು ನನ್ನ ಅಭಿಪ್ರಾಯ.

ಇಲ್ಲಿ ಒಂದು ಭಯವನ್ನು ನಿವಾರಿಸಬೇಕಾಗಿದೆ. ಆವೃತ್ತಿ ಸೊನ್ನೆಯ ಕಡೆಗೆ ಸರಿದಂತೆ ಗದ್ದಲ ಅಪರಿಮಿತವಾಗಿ ಬೆಳೆಯುವುದಾದರೆ, ಬಹುಕಾಲ ಕಾದವನ ಅಳತೆ ಆಕಾಶಕ್ಕೆ ಹಾರಿಹೋಗಬೇಕಲ್ಲವೇ ಎಂದು ಕೇಳಬಹುದು. ಗಣಿತದಲ್ಲಿ ಅದು ಅಪರಿಮಿತವೇ ಸರಿ. ಆದರೆ ಅದರ ಬೆಳವಣಿಗೆಯ ನಿಧಾನವನ್ನು ನೋಡಿದರೆ ನಗೆ ಬರುವಂತಿದೆ. ಹತ್ತು ಸೆಕೆಂಡುಗಳ ಅವಲೋಕನದಲ್ಲಿ ಎಷ್ಟು ತುಯ್ದಾಟ ಕಂಡಿತೋ, ಒಂದು ಇಡೀ ದಿನದ ಅವಲೋಕನದಲ್ಲಿ ಅದರ ಒಂದೂಮುಕ್ಕಾಲು ಪಟ್ಟು ಕಂಡೀತು; ವಿಶ್ವ ಹುಟ್ಟಿದಂದಿನಿಂದ ಇಂದಿನವರೆಗಿನ 1,380 ಕೋಟಿ ವರ್ಷಗಳ ಉದ್ದಕ್ಕೂ ಯಾರಾದರೂ ಅಳೆಯುತ್ತ ಕುಳಿತಿದ್ದರೂ ಮೂರು ಪಟ್ಟಿಗಿಂತ ಹೆಚ್ಚೇನೂ ಆಗುತ್ತಿರಲಿಲ್ಲ. ಈ ಗದ್ದಲದ ಕೇಡು ಅದು ಬೆಳೆಯುವುದರಲ್ಲಿ ಇಲ್ಲ, ಕುಗ್ಗದಿರುವುದರಲ್ಲಿ ಇದೆ. ಎಲ್ಲಿಯವರೆಗೆ ಈ ನಿಯಮ ನಡೆಯುತ್ತದೆಂದು ನೋಡುವ ಹಟದಿಂದ ಕ್ಯಾಲಾಯನೈಡಿಸ್ ಎಂಬ ಸಂಶೋಧಕ 1974ರಲ್ಲಿ ಪ್ರಕಟಿಸಿದ ಅಳತೆಗಳು, ಒಂದು ಏರಿಳಿತ ಪೂರ್ತಿಯಾಗಲು ಮೂರು ವಾರಗಳಿಗೂ ಮಿಕ್ಕು ಹಿಡಿಯುವಷ್ಟು ಕೆಳಗಿನ ಆವೃತ್ತಿಯವರೆಗೆ ಹೋದುವು. ಅಲ್ಲಿಯೂ ರೇಖೆ ಬಾಗುವ ಲಕ್ಷಣವನ್ನು ತೋರಿಸಲಿಲ್ಲ.

ಕಾರಣವೇನು? ಇಂದಿನ ಚಿಪ್ಪುಗಳ ಮಟ್ಟಿಗೆ ಸಾಕಷ್ಟು ತೃಪ್ತಿಕರವಾದ ಉತ್ತರವುಂಟು. ಮಾಸ್ಫೆಟ್ ಎಂಬ ಟ್ರಾನ್ಸಿಸ್ಟರಿನಲ್ಲಿ ವಿದ್ಯುತ್ಪ್ರವಾಹ ಹರಿಯುವುದು ಸಿಲಿಕಾನಿನ ಒಡಲಿನಲ್ಲಿ ಅಲ್ಲ, ಅದರ ಹೊರಮೈಯಲ್ಲಿ, ಗಾಜಿನಂಥ ಆಕ್ಸೈಡ್ ಪದರಕ್ಕೆ ತಾಗಿಕೊಂಡಂತೆ. ಎರಡು ಪದಾರ್ಥಗಳು ಕೂಡುವ ಆ ಎಲ್ಲೆಯಲ್ಲಿ ಪರಮಾಣುಗಳ ಜೋಡಣೆ ಅಲ್ಲಲ್ಲಿ ತಪ್ಪಿ, ಎಲೆಕ್ಟ್ರಾನು ಸಿಕ್ಕಿಬೀಳಬಹುದಾದ ಪೊಟರೆಗಳು ಉಳಿದಿರುತ್ತವೆ. ಎಲ್ಲೆಗೆ ಹತ್ತಿರದ ಪೊಟರೆಯಲ್ಲಿ ಬಿದ್ದ ಎಲೆಕ್ಟ್ರಾನು ಕ್ಷಣಮಾತ್ರದಲ್ಲಿ ಹೊರಗೆ ಬರುತ್ತದೆ. ಆಕ್ಸೈಡಿನೊಳಗೆ ಪರಮಾಣುಗಳ ಅಗಲದ ಲೆಕ್ಕದಲ್ಲಿ ತುಸು ಆಳಕ್ಕಿರುವ ಪೊಟರೆಯಿಂದ ಬಿಡುಗಡೆಯಾಗಲು ನಿಮಿಷಗಳು, ಗಂಟೆಗಳು ಹಿಡಿಯಬಹುದು. ಆಳ ಸಮಪ್ರಮಾಣದಲ್ಲಿ ಏರಿದಂತೆ ಸೆರೆವಾಸ ಗುಣೋತ್ತರದಲ್ಲಿ ಏರುವುದರಿಂದ, ಇವೆಲ್ಲವೂ ಕೂಡಿ ಉಂಟುಮಾಡುವ ಏರಿಳಿತ ಮೇಲೆ ಹೇಳಿದ ನಿಯಮವನ್ನು ತಾನಾಗಿಯೇ ಅನುಸರಿಸುತ್ತದೆಂದು ಮ್ಯಾಕ್‌ವರ್ಟರ್ 1957ರಲ್ಲಿ ತೋರಿಸಿದನು. ಟ್ರಾನ್ಸಿಸ್ಟರುಗಳು ಬಹಳ ಚಿಕ್ಕವಾದ ಮೇಲೆ, 1984ರಲ್ಲಿ, ಬೆಲ್ ಪ್ರಯೋಗಾಲಯದವರು ಒಂದೇ ಒಂದು ಪೊಟರೆಯಲ್ಲಿ ಒಂದೇ ಒಂದು ಎಲೆಕ್ಟ್ರಾನು ಬಿದ್ದೇಳುವುದನ್ನು ಪ್ರವಾಹದ ಎರಡೇ ಮಟ್ಟಗಳ ನಡುವಣ ಜಿಗಿತವಾಗಿ ಪ್ರತ್ಯಕ್ಷ ಕಂಡರು. ಚಿಪ್ಪಿನಲ್ಲಿ ದೊಡ್ಡ ಟ್ರಾನ್ಸಿಸ್ಟರು ಚಿಕ್ಕದಕ್ಕಿಂತ ಶಾಂತವಾಗಿರುವುದೂ ಇದರಿಂದಲೇ: ಪೊಟರೆಗಳು ಹೆಚ್ಚಾದರೂ ಅವು ಒಂದರ ಉಪಟಳವನ್ನು ಇನ್ನೊಂದು ಬಹುಮಟ್ಟಿಗೆ ಸರಿದೂಗಿಸುತ್ತವೆ.

ಆದರೆ ಇದೇ ನಿಯಮ ಆಕ್ಸೈಡಿನ ಸಂಪರ್ಕವೇ ಇಲ್ಲದ ಕಡೆಗಳಲ್ಲಿಯೂ ಕಂಡಿರುವುದು ವಿದ್ವಾಂಸರನ್ನು ಬಹಳವಾಗಿ ಕಾಡಿದೆ. ಹಳೆಯ ಕಾರ್ಬನ್ ರೋಧಕಗಳಲ್ಲಿ ಅದು ಬೇಕಾದಷ್ಟು ಉಂಟು. ತಂತಿ ಸುತ್ತಿದ ರೋಧಕಗಳಲ್ಲಿ ಅತ್ಯಲ್ಪ. ಹಾಲೆಂಡಿನ ಹೂಗೆ 1969ರಲ್ಲಿ ಕೊಟ್ಟ ಸೂತ್ರ ಇದಕ್ಕೆ ಬೇರೆಯೇ ಒಂದು ಕಾರಣವನ್ನು ಸೂಚಿಸಿತು. ವಾಸ್ ಮತ್ತು ಕ್ಲಾರ್ಕ್ ಎಂಬಿಬ್ಬರು 1975ರಲ್ಲಿ ರೇಡಿಯೋ ಕೇಂದ್ರಗಳಿಂದ ಬಂದ ಸಂಗೀತವನ್ನೂ ಮಾತನ್ನೂ ಗಂಟೆಗಟ್ಟಲೆ ವಿಶ್ಲೇಷಿಸಿ, ಧ್ವನಿಯ ಏರಿಳಿತದಲ್ಲಿಯೂ ಇದೇ ನಿಯಮವಿದೆಯೆಂದು ಸಾರಿದರು. ನೈಲ್ ನದಿಯ ನೆರೆಯ ದಾಖಲೆಗಳಲ್ಲಿ ಇದರ ನೆಂಟರನ್ನು ಕಂಡವರೂ ಇದ್ದಾರೆ. ಇವೆಲ್ಲವುಗಳ ಹಿಂದೆ ಒಂದೇ ಮೂಲತತ್ತ್ವ ಅಡಗಿದೆಯೆಂದು ನಂಬಲು ಮನಸ್ಸಿಗೆ ಹಿತವಾಗುತ್ತದೆ. ಆದರೆ ಹಿತವಾಗುವುದೆಲ್ಲ ನಿಜವಾಗಬೇಕಾದ ನಿರ್ಬಂಧವಿಲ್ಲ. ನಿಧಾನವಾದ ಮತ್ತು ವೇಗವಾದ ಅನೇಕ ಕ್ರಿಯೆಗಳು ಒಂದೆಡೆ ಕಲೆತಾಗ ಮೊತ್ತದ ಚಿತ್ರ ಹೀಗೆ ಕಾಣುವುದು ಸಹಜವಾದುದರಿಂದ, ನದಿಗೂ ಟ್ರಾನ್ಸಿಸ್ಟರಿಗೂ ಗೋತ್ರ ಕೂಡಿಸುವ ಅವಸರ ನನಗಂತೂ ಕಾಣುವುದಿಲ್ಲ.

ಎಂಜಿನಿಯರನಿಗೆ ಮೂಲತತ್ತ್ವಕ್ಕಿಂತ ಉಪಾಯ ಮುಖ್ಯ. ತಾಳ್ಮೆಯಿಂದ ಆಗದ ಕೆಲಸವನ್ನು ಅವನು ಯುಕ್ತಿಯಿಂದ ಸಾಧಿಸಿದ್ದಾನೆ. ಆ ಯುಕ್ತಿಯನ್ನು ಸಂತೆಯಲ್ಲಿ ತಕ್ಕಡಿಯ ಮೇಲೆ ಅನುಮಾನಪಟ್ಟ ಮುದುಕಿಯೂ ಬಲ್ಲಳು. ಒಂದು ತಟ್ಟೆ ಇನ್ನೊಂದಕ್ಕಿಂತ ಭಾರವಾಗಿದೆಯೇನೋ ಎಂಬ ಸಂದೇಹ ಬಂದಾಗ ಅವಳು ಬೆಲ್ಲವನ್ನು ಕಲ್ಲಿನ ಕಡೆಗೂ ಕಲ್ಲನ್ನು ಬೆಲ್ಲದ ಕಡೆಗೂ ಹಾಕಿ ತೂಗೆನ್ನುತ್ತಾಳೆ. ತಟ್ಟೆಯ ದೋಷ ಮೊದಲ ಸಲ ಬೆಲ್ಲಕ್ಕೆ ಕೂಡಿದ್ದರೆ ಎರಡನೆಯ ಸಲ ಕಳೆದಿರುತ್ತದೆ. ಎರಡರ ಮಧ್ಯಮಾನದಲ್ಲಿ ದೋಷವಿಲ್ಲ. ಗಣಿತಜ್ಞ ಗೌಸನ ಹೆಸರಿನಲ್ಲಿ ಪ್ರಯೋಗಶಾಲೆಗಳಲ್ಲಿ ನಡೆದು ಬಂದಿರುವ ಅದಲುಬದಲಿನ ತೂಕವೂ ಇದೇ. ಪರಿವರ್ತಕದ ಒಳಗೆ ಸಂಕೇತದ ಎರಡು ತಂತಿಗಳನ್ನು ಸ್ವಿಚ್ಚುಗಳಿಂದ ಹೀಗೆಯೇ ಅದಲುಬದಲು ಮಾಡುತ್ತ ಹೋದರೆ, ಸಂಕೇತ ಧನ ಋಣವಾಗಿ ತಿರುಗುತ್ತದೆ, ಸಂಕೇತವನ್ನು ಹಿಗ್ಗಿಸುವ ವರ್ಧಕದ ಸ್ವಂತ ದೋಷ ಮಾತ್ರ ತಿರುಗದೆ ನಿಂತಲ್ಲಿಯೇ ನಿಲ್ಲುತ್ತದೆ; ಆಮೇಲೆ ಎರಡನ್ನೂ ಬೇರ್ಪಡಿಸುವುದು ಕೂಡು ಕಳೆಯುವ ಲೆಕ್ಕ. ಇದರಲ್ಲಿ ಒಂದು ಷರತ್ತುಂಟು. ಫ್ಲಿಕರ್ ಗದ್ದಲವೆಂದರೆ ನಿಧಾನವಾಗಿ ಬದಲಾಗುವ ತಟ್ಟೆಯ ದೋಷ. ಅದು ಬದಲಾಗುವುದಕ್ಕೆ ಮುಂಚೆಯೇ ತಟ್ಟೆಗಳು ಅದಲುಬದಲಾಗಿರಬೇಕು. ಆದುದರಿಂದ ಸ್ವಿಚ್ಚುಗಳು ಸೆಕೆಂಡಿಗೆ ನೂರಾರು, ಸಾವಿರಾರು ಸಲ ತಿರುಗುತ್ತವೆ. ನಿಧಾನವಾದ ಪ್ರಶ್ನೆಯನ್ನು, ಗದ್ದಲ ಬಿಳಿಯದಾಗಿರುವ ವೇಗದ ಸೀಮೆಗೆ ಒಯ್ದು, ಅಲ್ಲಿ ಅದಕ್ಕೆ ಉತ್ತರ ಪಡೆದು ತರುವುದೇ ಇದರ ಒಳಗುಟ್ಟು.

ಚಿಪ್ಪುಗಳು ಹುಟ್ಟುವುದಕ್ಕೆ ಎಷ್ಟೋ ಮೊದಲೇ ಈ ಯುಕ್ತಿ ಬಳಕೆಗೆ ಬಂದಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಎಂ.ಐ.ಟಿ.ಯ ರೇಡಾರ್ ಪ್ರಯೋಗಾಲಯದಲ್ಲಿದ್ದ ರಾಬರ್ಟ್ ಡಿಕ್ಕೆ, ಆಕಾಶದಿಂದ ಬರುವ ಅತ್ಯಲ್ಪವಾದ ರೇಡಿಯೋ ಉಷ್ಣವನ್ನು ಅಳೆಯಲು, ಗ್ರಾಹಕವನ್ನು ಒಮ್ಮೆ ಆಂಟೆನಾದ ಕಡೆಗೂ ಒಮ್ಮೆ ಗೊತ್ತಾದ ಉಷ್ಣತೆಯ ಒಂದು ರೋಧಕದ ಕಡೆಗೂ ಬೇಗ ಬೇಗನೆ ತಿರುಗಿಸಿ, ಎರಡರ ವ್ಯತ್ಯಾಸವನ್ನು ಮಾತ್ರ ನಂಬಿದನು. ಆ ಲೇಖನ 1946ರದು. ಆ ದಶಕದ ಕೊನೆಯಲ್ಲಿ ಆರ್.ಸಿ.ಎ. ಸಂಸ್ಥೆಯ ಗೋಲ್ಡ್‌ಬರ್ಗ್, ಕಂಪಿಸುವ ಲೋಹದ ನಾಲಗೆಯೊಂದನ್ನು ಸ್ವಿಚ್ಚಾಗಿ ಬಳಸಿ ನಿರ್ವಾತ ನಳಿಕೆಯ ವರ್ಧಕಗಳ ಸೊನ್ನೆಯನ್ನು ಸ್ಥಿರಪಡಿಸಿದನು. ಇಂದು ಅದೇ ನಾಲಗೆ ಸಿಲಿಕಾನಿನಲ್ಲಿ ನಾಲ್ಕು ಟ್ರಾನ್ಸಿಸ್ಟರುಗಳಾಗಿ ಕುಳಿತಿದೆ. ಪ್ರಯೋಜನಕ್ಕೆ ತಕ್ಕ ಬೆಲೆಯನ್ನೂ ತೆರಬೇಕು: ಸ್ವಿಚ್ಚು ತಿರುಗಿದಾಗಲೆಲ್ಲ ಒಂದು ಸಣ್ಣ ವಿದ್ಯುದಂಶ ಚಿಮ್ಮಿ ಸಂಕೇತದ ಮೂಲಕ್ಕೆ ಹಿಂದಕ್ಕೆ ಸಿಡಿಯುತ್ತದೆ. ಅದಲುಬದಲು ಮಾಡದೆ, ಪ್ರತಿಯೊಂದು ಓದಿನ ಬೆನ್ನಿಗೂ ಸೊನ್ನೆಯನ್ನೇ ಒಮ್ಮೆ ಅಳೆದು ಕಳೆಯುವ ಇನ್ನೊಂದು ಪದ್ಧತಿಯುಂಟು. ಅದರಲ್ಲಿ ಅರ್ಧ ಹೊತ್ತು ಸೊನ್ನೆಗೇ ಹೋಗುವುದಲ್ಲದೆ, ಎರಡು ಓದುಗಳ ಬಿಳಿಯ ಗದ್ದಲವೂ ಉತ್ತರದಲ್ಲಿ ಕೂಡಿಕೊಳ್ಳುತ್ತದೆ. ಆದರೂ ಒಳ್ಳೆಯ ಮೀಟರುಗಳೆಲ್ಲ ಈ ದಂಡವನ್ನು ಸಂತೋಷದಿಂದಲೇ ತೆರುತ್ತವೆ. ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆ 1989ರಲ್ಲಿ ಹೊರತಂದ 3458ಎ ಎಂಬ ಎಂಟೂವರೆ ಅಂಕಿಗಳ ಮೀಟರು ಇಂದಿಗೂ ಮಾಪನ ಪ್ರಯೋಗಾಲಯಗಳಲ್ಲಿ ಗೌರವದ ಪೀಠದಲ್ಲಿ ಕುಳಿತಿದೆ; ಅದರ ಮುಂಭಾಗದ ಗುಂಡಿಗಳಿಂದ ಆಜ್ಞಾಪಿಸುವ ಕಾಲಮಾನವೇ ಕರೆಂಟಿನ ಆವರ್ತಗಳದು. 50 ಹರ್ಟ್ಸಿನ ನಮ್ಮ ದೇಶದಲ್ಲಿ ಒಂದು ಆವರ್ತವೆಂದರೆ 20 ಮಿಲಿಸೆಕೆಂಡು. ಸರಿಯಾಗಿ ಅಷ್ಟು ಹೊತ್ತು ಕೂಡಿಸಿದರೆ ಗೋಡೆಯ ತಂತಿಗಳ ಗುಂಯ್ಗುಡುವಿಕೆ ತನ್ನನ್ನು ತಾನೇ ಕಳೆದುಕೊಳ್ಳುತ್ತದೆ.

ಇಂದಿನ ಪರಿವರ್ತಕ ಚಿಪ್ಪುಗಳಲ್ಲಿ ಬಹುಪಾಲು ನಡೆಯುವುದು ಡೆಲ್ಟಾ ಸಿಗ್ಮಾ ಎಂಬ ಮಾರ್ಗದಲ್ಲಿ. ಟೋಕಿಯೋ ವಿಶ್ವವಿದ್ಯಾನಿಲಯದ ಇನೋಸೆ, ಯಸುದ ಮೊದಲಾದವರು 1962ರಲ್ಲಿ ಹೆಸರಿಟ್ಟ ಈ ಮಾರ್ಗದಲ್ಲಿ, ಪರಿವರ್ತಕ ಹೆಚ್ಚೋ ಕಡಮೆಯೋ ಎಂಬ ಒರಟು ತೀರ್ಮಾನವನ್ನು ಸೆಕೆಂಡಿಗೆ ಲಕ್ಷಾಂತರ ಸಲ ಮಾಡಿ, ತಾನು ಮಾಡಿದ ತಪ್ಪನ್ನು ಮುಂದಿನ ತೀರ್ಮಾನಕ್ಕೆ ಕೊಂಡೊಯ್ದು, ಒರಟುತನದಿಂದ ಹುಟ್ಟಿದ ಗದ್ದಲವನ್ನೆಲ್ಲ ಮೇಲಿನ ಆವೃತ್ತಿಗಳಿಗೆ ಅಟ್ಟಿ, ಅಲ್ಲಿ ಗಣಿತದ ಜರಡಿಯಿಂದ ಅದನ್ನು ಸೋಸಿಬಿಡುತ್ತದೆ. ಮೆಟ್ಟಿಲುಗಳು ಸಾಲದೆಂಬ ಹಳೆಯ ಕೊರತೆ ಇದರಿಂದ ಸಂಪೂರ್ಣವಾಗಿ ನೀಗಿತು. ನೀಗಿದ್ದರಿಂದಲೇ, ಕೆಳಗಿನ ಆವೃತ್ತಿಗಳಲ್ಲಿ ಅಡಗಿದ್ದ ಹಳೆಯ ಒಕ್ಕಲು ಈಗ ಎದ್ದು ಕಾಣತೊಡಗಿದ್ದಾನೆ.

ಅಷ್ಟು ನಿಧಾನವಾದ ಅಳತೆ ಯಾರಿಗೆ ಬೇಕು? ಭೂಕಂಪವನ್ನು ಅಭ್ಯಸಿಸುವವರಿಗೆ ಬೇಕು. ನಮ್ಮ ಗೌರಿಬಿದನೂರಿನಲ್ಲಿ ಭಾಭಾ ಪರಮಾಣು ಸಂಶೋಧನ ಕೇಂದ್ರದ ಭೂಕಂಪಮಾಪಕಗಳ ಸಾಲು 1960ರ ದಶಕದಿಂದಲೂ ನೆಲಕ್ಕೆ ಕಿವಿಗೊಟ್ಟಿರುವುದನ್ನು ಅನೇಕರು ಬಲ್ಲರು. 1960ರ ಚಿಲಿ ಭೂಕಂಪದಿಂದ ಇಡೀ ಭೂಗೋಳವೇ ಗಂಟೆಯಂತೆ ಮಿಡಿದಾಗ ಅದರ ಅತಿ ಮಂದ್ರವಾದ ಸ್ವರದ ಒಂದು ಆವರ್ತಕ್ಕೆ 54 ನಿಮಿಷಗಳು ಹಿಡಿದುವು. ಆದರೆ ಈ ವಿಷಯದ ಪರಮಾವಧಿಯನ್ನು ನೋಡಬೇಕಾದರೆ ಜಿನೀವಾದ ಬಳಿಯ ಸೆರ್ನ್ ಸಂಸ್ಥೆಗೆ ಹೋಗಬೇಕು. ಅಲ್ಲಿ 27 ಕಿಲೋಮೀಟರು ಸುತ್ತಳತೆಯ ಸುರಂಗದಲ್ಲಿ ಪ್ರೋಟಾನುಗಳನ್ನು ದಾರಿ ತಪ್ಪದಂತೆ ಬಾಗಿಸುವ 1,232 ಮುಖ್ಯ ಅಯಸ್ಕಾಂತಗಳಿವೆ. ಎಂಟು ವಿಭಾಗಗಳಲ್ಲಿ ಒಂದೊಂದಕ್ಕೆ 154ರಂತೆ ಸಾಲಾಗಿ ಪೋಣಿಸಿದ ಇವುಗಳ ಮೂಲಕ, ವಿನ್ಯಾಸದ ಪೂರ್ಣಶಕ್ತಿಯಲ್ಲಿ 11,850 ಆಂಪಿಯರ್ ಪ್ರವಾಹ ಹರಿಯಬೇಕು. ಎಂಟು ವಿಭಾಗಗಳಿಗೆ ಎಂಟು ಬೇರೆ ಬೇರೆ ಪೂರೈಕೆಗಳು. ಪ್ರೋಟಾನಿಗೆ ಮಾತ್ರ ದಾರಿ ಒಂದೇ. ಒಂದು ವಿಭಾಗದ ಪ್ರವಾಹ ಉಳಿದವುಗಳಿಗಿಂತ ಹತ್ತು ಲಕ್ಷದಲ್ಲಿ ಒಂದೆರಡು ಪಾಲು ಹೆಚ್ಚು ಕಡಮೆಯಾದರೂ ಕಿರಣದ ಪಥ ಸರಿಯುತ್ತದೆ. ಈ ಸ್ಥಿತಿಯನ್ನು ಪ್ರೋಟಾನುಗಳು ಸುತ್ತುತ್ತಿರುವ ಅನೇಕ ಗಂಟೆಗಳ ಪರ್ಯಂತ ಕಾಪಾಡಬೇಕು.

ಇಲ್ಲಿ ಎ.ಡಿ.ಸಿ.ಯ ಪಾತ್ರ ಸಾಕ್ಷಿಯದಷ್ಟೇ ಅಲ್ಲ, ನ್ಯಾಯಾಧೀಶನದು. ಪ್ರವಾಹವನ್ನು ಅಳೆದು ಅದು ಹೇಳಿದ ಅಂಕಿಯನ್ನು ನೋಡಿಯೇ ನಿಯಂತ್ರಕ ಪೂರೈಕೆಯನ್ನು ಏರಿಸುವುದು ಅಥವಾ ಇಳಿಸುವುದು. ಪ್ರವಾಹ ಸರಿಯಾಗಿದ್ದು ಪರಿವರ್ತಕವೇ ಗದ್ದಲದ ದೆಸೆಯಿಂದ ಹೆಚ್ಚೆಂದು ಹೇಳಿದರೆ, ನಿಯಂತ್ರಕ ವಿಧೇಯತೆಯಿಂದ ಪ್ರವಾಹವನ್ನು ತಗ್ಗಿಸುತ್ತದೆ. ಪರಿವರ್ತಕದ ಸುಳ್ಳು ಅಯಸ್ಕಾಂತದಲ್ಲಿ ನಿಜವಾಗುತ್ತದೆ. ವೇಗವಾದ ಸುಳ್ಳುಗಳಿಂದ ಅಷ್ಟು ಭಯವಿಲ್ಲ. ಆ ಬೃಹತ್ ಅಯಸ್ಕಾಂತಗಳ ಪ್ರೇರಕತ್ವ ಒಂದೊಂದು ವಿಭಾಗಕ್ಕೆ 15 ಹೆನ್ರಿಗೂ ಮಿಕ್ಕಿರುವುದರಿಂದ, ಸೆಕೆಂಡಿಗೆ ಹಲವು ಸಲ ಬಂದ ಆಜ್ಞೆಗಳನ್ನು ಅವು ಕೇಳಿಯೂ ಕೇಳದಂತೆ ಇದ್ದುಬಿಡುತ್ತವೆ. ನಿಮಿಷಗಟ್ಟಲೆ ನಿಂತ ಸುಳ್ಳಿಗೆ ಮಾತ್ರ ಬಾಗಲೇಬೇಕು. ಆದ್ದರಿಂದಲೇ ಸೆರ್ನ್‌ನ ಎಂಜಿನಿಯರುಗಳು ತಮ್ಮ ಯಂತ್ರದ ಉನ್ನತೀಕರಣಕ್ಕಾಗಿ ಮಾರುಕಟ್ಟೆಯ ಪರಿವರ್ತಕ ಚಿಪ್ಪುಗಳನ್ನು ತಂದಾಗ, ಬಿಟ್ಟುಗಳ ಸಂಖ್ಯೆಯನ್ನು ಬದಿಗಿಟ್ಟು ಹರ್ಟ್ಸಿನ ಸಾವಿರದಲ್ಲೊಂದು ಪಾಲಿನ ಆವೃತ್ತಿಗಳವರೆಗೆ ಅವುಗಳ ಗದ್ದಲವನ್ನು ತಾವೇ ಅಳೆದು ನೋಡಿದರು. ಕೊನೆಗೆ ಎ.ಡಿ. 7177 ಎಂಬ 32 ಬಿಟ್ಟಿನ ಒಂದು ಸಾಮಾನ್ಯ ಚಿಪ್ಪನ್ನೇ ತಿರುಳಾಗಿಟ್ಟುಕೊಂಡು, ಸುತ್ತಲಿನ ಉಷ್ಣತೆಯನ್ನು ಸ್ಥಿರವಾಗಿರಿಸಿ, ಎಚ್‌ಪಿಎಂ 7177 ಎಂಬ ಉಪಕರಣವನ್ನು ಕಟ್ಟಿ, ಅದರ ನಕ್ಷೆಗಳನ್ನು ಲೋಕಕ್ಕೆಲ್ಲ ತೆರೆದಿಟ್ಟಿದ್ದಾರೆ.

ಪರಿವರ್ತಕ ಸರಿಯಾದ ಮೇಲೂ ಒಂದು ದೊಡ್ಡ ಬಾಕಿಯಿದೆ. ಎ.ಡಿ.ಸಿ. ಎಂಬುದು ಒಂದು ಮಾನದಂಡದೊಡನೆ ಹೋಲಿಸುವ ಸಾಧನವೆಂದು ಹೇಳಿದೆವಷ್ಟೆ. ಆ ಮಾನದಂಡವೇ ಮಿನುಗಿದರೆ? ಎಲ್‌ಟಿಜ಼ಡ್ 1000 ಎಂಬುದು ಅತ್ಯಂತ ಸ್ಥಿರವೆಂದು ಹೆಸರಾದ ಮಾನದಂಡದ ಚಿಪ್ಪು. 3458ಎ ಮೀಟರಿನ ಹೃದಯದಲ್ಲಿರುವುದು ಅದೇ. ಸುಮಾರು 7.2 ವೋಲ್ಟ್ ಕೊಡುವ ಅದರಲ್ಲಿಯೂ 0.1ರಿಂದ 10 ಹರ್ಟ್ಸಿನ ನಡುವೆ ತುದಿಯಿಂದ ತುದಿಗೆ 1.2 ಮೈಕ್ರೊವೋಲ್ಟಿನಷ್ಟು ತುಯ್ದಾಟವಿದೆ. ಎಂದರೆ ಒಂದು ಕೋಟಿಯಲ್ಲಿ ಎರಡು ಪಾಲಿಗೆ ಸ್ವಲ್ಪ ಕಡಮೆ. ಇದಕ್ಕೆ ತಟ್ಟೆ ಬದಲಿಸುವ ಯುಕ್ತಿ ನಡೆಯುವುದಿಲ್ಲ. ತಟ್ಟೆಗಳನ್ನು ಅದಲುಬದಲು ಮಾಡಬಹುದು, ಕಲ್ಲನ್ನು ಯಾವುದರೊಡನೆ ಅದಲುಬದಲು ಮಾಡುವುದು? ನಾಲ್ಕು ಮಾನದಂಡಗಳನ್ನು ಜೋಡಿಸಿ ಸರಾಸರಿ ತೆಗೆದರೆ ಗದ್ದಲ ಅರ್ಧಕ್ಕೆ ಇಳಿದೀತು, ಹದಿನಾರನ್ನು ಜೋಡಿಸಿದರೆ ಕಾಲು ಪಾಲಿಗೆ. ಅದಕ್ಕಿಂತ ಹೆಚ್ಚಿನ ದಾರಿಯಿಲ್ಲ. ಪರಿವರ್ತಕಗಳ ಡೇಟಾಶೀಟುಗಳಲ್ಲಿ ಕಾಣುವ ಸುಂದರವಾದ ಗದ್ದಲದ ಅಂಕಿಗಳೆಲ್ಲ ಸಾಮಾನ್ಯವಾಗಿ ಒಳದಾರಿಯ ಎರಡು ತಂತಿಗಳನ್ನು ಒಂದಕ್ಕೊಂದು ಜೋಡಿಸಿ, ಸೊನ್ನೆಯನ್ನು ಅಳೆದು ಪಡೆದವು. ಸೊನ್ನೆಯನ್ನು ಯಾವ ಕೋಲಿನಿಂದ ಅಳೆದರೂ ಸೊನ್ನೆಯೇ ಆದುದರಿಂದ ಕೋಲಿನ ಮಿನುಗು ಅದರಲ್ಲಿ ಕಾಣಿಸಿಕೊಳ್ಳುವುದಿಲ್ಲ. ಅದೇ ಪರಿವರ್ತಕಕ್ಕೆ 5 ವೋಲ್ಟ್ ಕೊಟ್ಟ ಕ್ಷಣದಲ್ಲಿ ಮಾನದಂಡದ ದೋಷ ಪೂರ್ಣಪ್ರಮಾಣದಲ್ಲಿ ಎದುರು ನಿಲ್ಲುತ್ತದೆ. ಬಂಗಾರದ ತಕ್ಕಡಿ ಈ ವಿಷಯದಲ್ಲಿ ಅದೃಷ್ಟಶಾಲಿ: ಲೋಡ್ ಸೆಲ್ಲಿಗೆ ಕೊಟ್ಟ ವೋಲ್ಟೇಜನ್ನೇ ಪರಿವರ್ತಕಕ್ಕೂ ಮಾನದಂಡವಾಗಿ ಕೊಟ್ಟಿರುವುದರಿಂದ ಎರಡೂ ಒಟ್ಟಿಗೆ ಏರಿ ಒಟ್ಟಿಗೆ ಇಳಿದು ಭಾಗಾಕಾರದಲ್ಲಿ ಹೊಡೆದುಹೋಗುತ್ತವೆ. ಸೆರ್ನ್‌ನ ಅಯಸ್ಕಾಂತಕ್ಕೆ ಆ ಭಾಗ್ಯವಿಲ್ಲ.

ಆದ್ದರಿಂದ ನಿಧಾನವಾದ ಅಳತೆಗೆ ಪರಿವರ್ತಕವನ್ನು ಆರಿಸುವವರು ಡೇಟಾಶೀಟಿನ 0.1ರಿಂದ 10 ಹರ್ಟ್ಸಿನ ಅಂಕಿ ಹತ್ತು ಸೆಕೆಂಡಿನ ನೋಟ ಮಾತ್ರವೆಂಬುದನ್ನು ನೆನಪಿನಲ್ಲಿಟ್ಟು, ಉಳಿದುದನ್ನು ತಾವೇ ಅಳೆದುಕೊಳ್ಳುವುದು ಒಳ್ಳೆಯದು. ಮೊದಲು ಒಳದಾರಿಯ ಎರಡು ತುದಿಗಳನ್ನು ಶುದ್ಧ ತಾಮ್ರದ ತುಂಡು ತಂತಿಯಿಂದ ಕೂಡಿಸಬೇಕು. ತಾಮ್ರಕ್ಕೂ ಚಿಪ್ಪಿನ ಕಾಲುಗಳಿಗೆ ಕೆಲವೆಡೆ ಬಳಸುವ ಕೋವಾರ್ ಎಂಬ ಮಿಶ್ರಲೋಹಕ್ಕೂ ನಡುವೆ ಒಂದು ಡಿಗ್ರಿಯ ಅಂತರಕ್ಕೆ ಸುಮಾರು 40 ಮೈಕ್ರೊವೋಲ್ಟ್ ಹುಟ್ಟುವುದರಿಂದ, ಡಿಗ್ರಿಯ ನೂರನೆಯ ಒಂದು ಪಾಲಿನಷ್ಟು ಗಾಳಿಯ ತಂಪು ಬೀಸಿ ಹೋದರೂ ಅದು ಫ್ಲಿಕರ್ ಗದ್ದಲದ ವೇಷದಲ್ಲಿಯೇ ಬಂದು ಮೋಸಮಾಡುತ್ತದೆ. ಒಂದು ರಟ್ಟಿನ ಪೆಟ್ಟಿಗೆಯನ್ನು ಮೇಲೆ ಮಗುಚಿ ಹಾಕುವುದರಿಂದ ದುಬಾರಿಯ ಚಿಪ್ಪಿನಿಂದ ಆಗದ ಉಪಕಾರ ಆಗುವುದುಂಟು. ಹಾಗೆ ಮುಚ್ಚಿ ಒಂದು ರಾತ್ರಿಯೆಲ್ಲ ಓದುಗಳನ್ನು ಬರೆಸಿಕೊಂಡು ಆಲನ್ನನ ರೇಖೆಯನ್ನು ಎಳೆಯಬೇಕು. ಅನಂತರ ತಂತಿಯನ್ನು ಬಿಚ್ಚಿ, ಅಳೆಯಬೇಕಾದ ಮಟ್ಟದ ಒಂದು ಸ್ಥಿರ ವೋಲ್ಟೇಜನ್ನು ಕೊಟ್ಟು ಎರಡನೆಯ ರಾತ್ರಿಯೂ ಹಾಗೆಯೇ ಮಾಡಬೇಕು. ಎರಡು ರೇಖೆಗಳು ಒಂದರ ಮೇಲೊಂದು ಬಿದ್ದರೆ ಮಾನದಂಡದ ಗದ್ದಲ ಲೆಕ್ಕಕ್ಕಿಲ್ಲ. ಎರಡನೆಯದು ಮೇಲಿದ್ದರೆ ಹಣವನ್ನು ಪರಿವರ್ತಕದ ಮೇಲಲ್ಲ, ಮಾನದಂಡದ ಮೇಲೆ ಹಾಕಬೇಕು. ರೇಖೆ ಇಳಿಯುವುದನ್ನು ಬಿಟ್ಟು ಮಟ್ಟಸವಾಗುವ ಕಾಲಾವಧಿ ಹತ್ತು ಸೆಕೆಂಡೆಂದು ಕಂಡುಬಂದರೆ, ಹತ್ತು ನಿಮಿಷದ ಸರಾಸರಿಗಾಗಿ ಕಾಯುವ ಕಾರಣವಿಲ್ಲ. ಹತ್ತು ಸೆಕೆಂಡಿಗೊಮ್ಮೆ ಸೊನ್ನೆಯನ್ನು ಅಳೆದು ಕಳೆದು ಮುಂದಿನ ಓದಿಗೆ ಹೋಗಬಹುದು.